ಹಾಫ್-ಆರ್ಕ್ ವಿಝರ್ಡ್ ಬೇಕಾ, ನೋಮ್ ಬಾರ್ಬೇರಿಯನ್ ಬೇಕಾ? ಹೊಂದದ ಜೋಡಿಗಳಲ್ಲಿ ನಿಮಗೆ ಹೊಂದುವುದು ಯಾವುದು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಪಾತ್ರ ಕಟ್ಟಿ ಆಡುವ ಆಟದಲ್ಲಿ ಹೊಸ ಕ್ಯಾಂಪೇನ್ (ಹಲವು ಸೆಷನ್ ಸಾಗುವ ಕಥೆ) ಶುರುವಾಗುತ್ತೆ ಅಂದರೆ ಸಾಕು, ಯಾರಾದರೊಬ್ಬರಿಗೆ ಈ ಆಸೆ ಹುಟ್ಟೇ ಹುಟ್ಟುತ್ತದೆ. ಎಲ್ಫ್ ರೇಂಜರ್, ಡ್ವಾರ್ಫ್ ಫೈಟರ್ ಎಲ್ಲರೂ ಮಾಡಿ ಆಯ್ತು, ಈ ಸಲ ಬೇರೆ ಏನಾದರೂ ಮಾಡೋಣ. ಪುಸ್ತಕ ತೆರೆದು ಕೂತರೆ ಮಂತ್ರ ಓದುವ ಹಾಫ್-ಆರ್ಕ್, ಕೊಡಲಿ ಬೀಸುವ ನೋಮ್, ನಾಯಿ ಏರಿ ಬರುವ ಹಾಫ್ಲಿಂಗ್ ಪ್ಯಾಲಡಿನ್ ಎಲ್ಲವೂ ಚೆಂದವೇ. ಕಷ್ಟ ಆಮೇಲೆ. ಇವುಗಳಲ್ಲಿ ಕೆಲವು ಆರು ತಿಂಗಳು ಆಡಿದರೂ ಬೇಸರ ತರುವುದಿಲ್ಲ. ಇನ್ನು ಕೆಲವು ಮೂರನೇ ಸೆಷನ್‌ಗೇ ಭಾರವಾಗುತ್ತವೆ.

ಈ ಬರಹದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲೂ 2014ರ ನಿಯಮಗಳನ್ನು, ಯಾಕೆಂದರೆ ಜೋಡಿ ಹೊಂದದೇ ಇರುವುದರ ಬಿಸಿ ನಿಜವಾಗಿ ತಟ್ಟುವುದು ಅಲ್ಲೇ.

ಮೊದಲು ಯಾವ ಪುಸ್ತಕ ಅಂತ ಕೇಳಿ

2014ರ ಪುಸ್ತಕದಲ್ಲಿ ಪಾತ್ರದ ಆರು ಸಾಮರ್ಥ್ಯಗಳ ಅಂಕ ಹೆಚ್ಚಿಸುವುದು ರೇಸ್, ಅಂದರೆ ಎಲ್ಫ್, ಡ್ವಾರ್ಫ್‌ನಂಥ ಕುಲ. ಹಾಫ್-ಆರ್ಕ್‌ಗೆ ಸ್ಟ್ರೆಂತ್ (ಬಲ) +2, ಕಾನ್‌ಸ್ಟಿಟ್ಯೂಷನ್ (ಮೈಯ ಗಟ್ಟಿತನ) +1. ನರಕದ ರಕ್ತವಿರುವ ಟೀಫ್ಲಿಂಗ್‌ಗೆ ಕರಿಸ್ಮಾ (ವರ್ಚಸ್ಸು) +2, ಇಂಟೆಲಿಜೆನ್ಸ್ +1. ನಿಮ್ಮ ಕ್ಲಾಸಿಗೆ (ವಿಝರ್ಡ್, ಫೈಟರ್‌ನಂಥ ಪಾತ್ರದ ಕಸುಬು) ಬೇಕಾದದ್ದು ಅದಲ್ಲದಿದ್ದರೆ ಆ ಅಂಕ ಸುಮ್ನೆ ವ್ಯರ್ಥ. 2020ರಲ್ಲಿ ಬಂದ ಐಚ್ಛಿಕ ನಿಯಮದ ಪ್ರಕಾರ ಆ ಅಂಕಗಳನ್ನು ನಿಮಗೆ ಬೇಕಾದ ಕಡೆ ಹಾಕಿಕೊಳ್ಳಬಹುದು, ಆದರೆ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಒಪ್ಪಬೇಕು. 2024ರ ನಿಯಮಗಳಲ್ಲಿ ರೇಸ್‌ನಿಂದ ಅಂಕ ಬರುವುದೇ ಇಲ್ಲ, ಬ್ಯಾಕ್‌ಗ್ರೌಂಡ್‌ನಿಂದ ಬರುತ್ತದೆ. ರೇಸ್ ಅನ್ನುವ ಪದವೂ ಹೋಗಿ ಸ್ಪೀಷೀಸ್ ಬಂದಿದೆ. ಹಾಫ್-ಆರ್ಕ್ ಆ ಪುಸ್ತಕದಲ್ಲಿ ಇಲ್ಲ, ಅದರ ಜಾಗದಲ್ಲಿ ಆರ್ಕ್ ಇದೆ.

ಹಾಗಾಗಿ ಡಿಎಂ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ಇದೇ. 2024 ಅಂದರೆ ಕೆಳಗಿನ ಅರ್ಧ ಚಿಂತೆ ಮಾಯ. 2014, ಐಚ್ಛಿಕ ನಿಯಮವೂ ಇಲ್ಲ ಅಂದರೆ ಪೂರ್ತಿ ಓದಿ.

ಈ ಜೋಡಿಗಳು ವಿಚಿತ್ರ ಅನ್ನಿಸುವುದಕ್ಕೆ ಹಳೆಯ ಕಾರಣವೂ ಇದೆ. 1974ರ ಮೂಲ ಆಟದಲ್ಲಿ ಡ್ವಾರ್ಫ್ ಯೋಧ ಮಾತ್ರ ಆಗಬಹುದಿತ್ತು, ಅದೂ 6ನೇ ಲೆವೆಲ್‌ವರೆಗೆ. 1978ರ ಪುಸ್ತಕದಲ್ಲಿ ಪ್ಯಾಲಡಿನ್ ಆಗಲು ಮನುಷ್ಯರಿಗಷ್ಟೇ ಅವಕಾಶ. ಯಾವ ರೇಸ್ ಯಾವ ಕ್ಲಾಸ್ ಬೇಕಾದರೂ ಆಗಬಹುದು ಅಂತ ಬಾಗಿಲು ಪೂರ್ತಿ ತೆರೆದದ್ದು 2000ದಲ್ಲಿ, ಮೂರನೇ ಆವೃತ್ತಿ ಬಂದಾಗ. ನಿಯಮ ಹೋಯಿತು, ಅಭ್ಯಾಸ ಹೋಗಲಿಲ್ಲ.

ಯಾವುದನ್ನು ನೋಡಿ ಅಳೆಯುವುದು

ಎಲ್ಲರೂ ಮೊದಲು ನೋಡುವುದು ಮುಖ್ಯ ಅಂಕವನ್ನು. ಪಾಯಿಂಟ್ ಕೊಟ್ಟು ಅಂಕ ಕೊಳ್ಳುವ ಪಾಯಿಂಟ್ ಬೈ ಪದ್ಧತಿಯಲ್ಲಿ ನಿಮ್ಮ ಬಜೆಟ್ 27. ಒಂದು ಅಂಕವನ್ನು 8ರಿಂದ ಶುರುಮಾಡಿ 15ರವರೆಗೆ ಕೊಳ್ಳಬಹುದು, 15ಕ್ಕೆ 9 ಪಾಯಿಂಟ್ ಖರ್ಚು. ರೇಸ್ ಕೈಹಿಡಿದರೆ ಅದು 16 ಅಥವಾ 17 ಆಗಿ ಮಾಡಿಫೈಯರ್ (ದಾಳದ ಸಂಖ್ಯೆಗೆ ಕೂಡಿಸುವುದು) +3. ಕೈಹಿಡಿಯದಿದ್ದರೆ 15ರಲ್ಲೇ ನಿಂತು +2. ವ್ಯತ್ಯಾಸ ಬರೀ 1. 20 ಮುಖದ ದಾಳದಲ್ಲಿ ಅದು ಶೇ 5, ಅಂದರೆ ಇಪ್ಪತ್ತು ಸಲ ಉರುಳಿಸಿದರೆ ಒಂದು ಸಲ. ಇದಕ್ಕಾಗಿ ಜನ ರಾತ್ರಿಯಿಡೀ ವಾದ ಮಾಡುತ್ತಾರೆ!

ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ನೀವು ಆರಿಸಿದ ಕ್ಲಾಸ್ ಯಾವಾಗ ನೆಲಕ್ಕೆ ಬೀಳುತ್ತದೆ? ವಿಝರ್ಡ್ ಬೀಳುವುದು ಹತ್ತಿರ ಬಂದ ಕತ್ತಿಗೆ. ಬಾರ್ಬೇರಿಯನ್ ಬೀಳುವುದು ಮನಸ್ಸಿಗೆ ಹಾಕಿದ ಮಂತ್ರಕ್ಕೆ. ಆ ಜಾಗದಲ್ಲಿ ರೇಸಿನ ಗುಣ ಅಡ್ಡ ನಿಲ್ಲುತ್ತದಾ? ನಿಲ್ಲುತ್ತದೆ ಅನ್ನುವುದಾದರೆ ಶೇ 5 ಕೊಟ್ಟು ಕೊಂಡರೂ ಲಾಭವೇ. ನಿಲ್ಲುವುದಿಲ್ಲ ಅನ್ನುವುದಾದರೆ ನೀವು ವೇಷಕ್ಕೆ ದುಡ್ಡು ಕೊಟ್ಟಂತೆ. ಅದೂ ತಪ್ಪಲ್ಲ, ಗೊತ್ತಿದ್ದು ಕೊಡಿ.

ಮೂರನೆಯದು, ಕ್ಲಾಸಿಗೆ ಎಷ್ಟು ಅಂಕ ಬೇಕು ಅನ್ನುವುದು. ವಿಝರ್ಡ್, ರೋಗ್ ಮುಖ್ಯವಾಗಿ ಒಂದೇ ಅಂಕದ ಮೇಲೆ ನಡೆಯುತ್ತಾರೆ. ಮಂಕ್, ಪ್ಯಾಲಡಿನ್, ರೇಂಜರ್‌ಗೆ ಎರಡು ಮೂರು ಬೇಕು, ಬಜೆಟ್ ಬೇಗ ಬರಿದಾಗುತ್ತದೆ. ಫೈಟರ್ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೇರೆ ಬಹುಪಾಲು ಕ್ಲಾಸ್‌ಗಳಿಗೆ ಅಂಕ ಹೆಚ್ಚಿಸಿಕೊಳ್ಳಲು ಐದು ಅವಕಾಶ, ಫೈಟರ್‌ಗೆ ಏಳು. ಹಿಂದೆ ಬಿದ್ದದ್ದನ್ನು ಅವನು ಆರಾಮಾಗಿ ಹಿಡಿಯುತ್ತಾನೆ.

ಹಾಫ್-ಆರ್ಕ್ ವಿಝರ್ಡ್

ನನಗೆ ತುಂಬಾ ಇಷ್ಟವಾದ ಜೋಡಿ ಇದು. ಕಾಗದದ ಮೇಲೆ ಕಾಣುವಷ್ಟು ಕೆಟ್ಟದ್ದೇನಲ್ಲ.

27 ಪಾಯಿಂಟ್‌ನಲ್ಲಿ ಹೀಗೆ ಕಟ್ಟಬಹುದು: ಸ್ಟ್ರೆಂತ್ 10, ಡೆಕ್ಸ್ಟೆರಿಟಿ (ಚುರುಕು) 14, ಕಾನ್‌ಸ್ಟಿಟ್ಯೂಷನ್ 16, ಇಂಟೆಲಿಜೆನ್ಸ್ 15, ವಿಸ್ಡಂ 10, ಕರಿಸ್ಮಾ 8. ಮೊದಲ ಲೆವೆಲ್‌ನಲ್ಲೇ 9 ಹಿಟ್ ಪಾಯಿಂಟ್ (ಬೀಳುವ ಮುನ್ನ ತಡೆಯಬಲ್ಲ ಪೆಟ್ಟು), ವಿಝರ್ಡ್‌ಗೆ ಇದು ಧಾರಾಳ. ನಷ್ಟ ಏನೆಂದರೆ ಸ್ಪೆಲ್ ಸೇವ್ ಡಿಸಿ (ನಿಮ್ಮ ಮಂತ್ರದಿಂದ ತಪ್ಪಿಸಿಕೊಳ್ಳಲು ಎದುರಾಳಿ ಸೇವ್ ಅನ್ನುವ ದಾಳದಲ್ಲಿ ಮುಟ್ಟಬೇಕಾದ ಸಂಖ್ಯೆ) 13ರ ಬದಲು 12, ದಿನಕ್ಕೆ ಸಿದ್ಧ ಮಾಡಿಟ್ಟುಕೊಳ್ಳುವ ಸ್ಪೆಲ್‌ಗಳಲ್ಲಿ ಒಂದು ಕಡಿಮೆ.

ಲಾಭ ಎಲ್ಲಿದೆ ನೋಡಿ. ವಿಝರ್ಡ್‌ನ ಒಳ್ಳೊಳ್ಳೆಯ ಸ್ಪೆಲ್‌ಗಳಲ್ಲಿ ಎಷ್ಟೋ ಕಾನ್ಸಂಟ್ರೇಷನ್ ಮೇಲೆ ನಿಂತಿರುತ್ತವೆ. ಪೆಟ್ಟು ಬಿದ್ದಾಗ ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು, 10 ಅಥವಾ ಪೆಟ್ಟಿನ ಅರ್ಧ, ಯಾವುದು ಜಾಸ್ತಿಯೋ ಅದಕ್ಕೆ. ಸೋತರೆ ಸ್ಪೆಲ್ ಹೋಯಿತು. ಪೂರ್ತಿ ಸೊನ್ನೆಗೆ ಇಳಿದರೆ ಸೇವ್‌ಗೂ ಅವಕಾಶವಿಲ್ಲ, ಪ್ರಜ್ಞೆ ತಪ್ಪಿದ ಕೂಡಲೇ ಕಾನ್ಸಂಟ್ರೇಷನ್ ಮುರಿಯುತ್ತದೆ. ಇಲ್ಲೇ ಹಾಫ್-ಆರ್ಕ್‌ನ ರಿಲೆಂಟ್‌ಲೆಸ್ ಎಂಡ್ಯೂರೆನ್ಸ್ ಕೆಲಸಕ್ಕೆ ಬರುವುದು. ಲಾಂಗ್ ರೆಸ್ಟ್‌ಗೆ (ರಾತ್ರಿಯ ವಿಶ್ರಾಂತಿ) ಒಮ್ಮೆ, ಸೊನ್ನೆಗೆ ಬೀಳುವ ಬದಲು 1 ಹಿಟ್ ಪಾಯಿಂಟ್‌ನಲ್ಲಿ ನಿಲ್ಲುತ್ತಾನೆ. ಸೇವ್ ಇನ್ನೂ ಮಾಡಲೇಬೇಕು, ಆದರೆ ಮಾಡುವ ಅವಕಾಶವಾದರೂ ಉಳಿಯಿತು. ಇದೇ ಗುಣ ಬಾರ್ಬೇರಿಯನ್‌ಗೆ ಸಿಕ್ಕರೂ ಒಳ್ಳೆಯದೇ, ಆದರೆ ಆರು ಮುಖದ ಹಿಟ್ ಡೈ (ಹಿಟ್ ಪಾಯಿಂಟ್ ನಿರ್ಧರಿಸುವ ದಾಳ) ಇರುವ ವಿಝರ್ಡ್‌ಗೆ ಅದರ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಸ್ಯಾವೇಜ್ ಅಟ್ಯಾಕ್ಸ್ ಮಾತ್ರ ದಂಡ, ಅದು ಕೈಗೆಟಕುವ ದೂರದ ಆಯುಧದ ದಾಳಿಗಷ್ಟೇ.

ಡಿಸಿ 12 ಚುಚ್ಚದಂತೆ ಆಡುವ ದಾರಿಯೂ ಇದೆ. ಎದುರಾಳಿ ಸೇವ್ ಮಾಡುವ ಪ್ರಶ್ನೆಯೇ ಬಾರದ ಸ್ಪೆಲ್‌ಗಳನ್ನು ಜಾಸ್ತಿ ಇಟ್ಟುಕೊಳ್ಳಿ. ಮ್ಯಾಜಿಕ್ ಮಿಸೈಲ್ ತಪ್ಪುವುದೇ ಇಲ್ಲ. ಶೀಲ್ಡ್, ಮಿಸ್ಟಿ ಸ್ಟೆಪ್, ಫೈಂಡ್ ಫೆಮಿಲಿಯರ್, ಹೇಸ್ಟ್, ಫ್ಲೈ ಯಾವುದೂ ನಿಮ್ಮ ಇಂಟೆಲಿಜೆನ್ಸ್ ಎಷ್ಟು ಅಂತ ಕೇಳುವುದಿಲ್ಲ. 2014ರ ಸ್ಲೀಪ್ ಕೂಡ ಹಾಗೆಯೇ, ಅದು ಹಿಟ್ ಪಾಯಿಂಟ್ ಲೆಕ್ಕದಲ್ಲಿ ಮಲಗಿಸುತ್ತದೆ. 2024ರಲ್ಲಿ ಅದಕ್ಕೂ ಸೇವ್ ಬಂದಿದೆ, ನೆನಪಿರಲಿ. 4ನೇ ಲೆವೆಲ್‌ನಲ್ಲಿ ಸಿಗುವ ಎರಡು ಅಂಕಗಳಲ್ಲಿ ಒಂದನ್ನು ಇಂಟೆಲಿಜೆನ್ಸ್‌ಗೆ ಹಾಕಿದರೆ 16, ಮಾಡಿಫೈಯರ್ +3.

ಫೈರ್‌ಬಾಲ್ ಎಸೆದು ಎಲ್ಲರನ್ನೂ ಬೇಯಿಸಬೇಕು, ಶತ್ರುಗಳ ಮನಸ್ಸು ಕೆಡಿಸಬೇಕು ಅನ್ನುವವರಿಗೆ ಈ ಜೋಡಿ ಬೇಡ. ಅಲ್ಲಿ ಪ್ರತಿ ಸ್ಪೆಲ್‌ಗೂ ಆ ಒಂದು ಅಂಕ ಚುಚ್ಚುತ್ತಲೇ ಇರುತ್ತದೆ. ಗುಂಪಿನವರಿಗೆ ಬಲ ಕೊಡುತ್ತಾ, ಎಲ್ಲರೂ ಬಿದ್ದಾಗ ಕೊನೆಗೆ ನಿಂತಿರುವ ವಿಝರ್ಡ್ ಬೇಕು ಅಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಮೌಂಟನ್ ಡ್ವಾರ್ಫ್ ವಿಝರ್ಡ್

ಹಾಫ್-ಆರ್ಕ್‌ಗೆ ನೇರ ಪೈಪೋಟಿ ಇದೇ. ಇಂಟೆಲಿಜೆನ್ಸ್ ಇಲ್ಲೂ 15ರಲ್ಲೇ. ಆದರೆ 2014ರಲ್ಲಿ ಮೌಂಟನ್ ಡ್ವಾರ್ಫ್‌ಗೆ ಲೈಟ್ ಮತ್ತು ಮೀಡಿಯಂ ಕವಚದ ತರಬೇತಿ ರೇಸ್‌ನಿಂದಲೇ ಬರುತ್ತದೆ. ತರಬೇತಿ ಇದ್ದ ಕವಚ ತೊಟ್ಟು ಮಂತ್ರ ಹಾಕಲು ಅಡ್ಡಿಯಿಲ್ಲ.

ಲೆಕ್ಕ ಹಾಕಿ. ಡೆಕ್ಸ್ಟೆರಿಟಿ 14 ಇರುವ ಮಾಮೂಲಿ ವಿಝರ್ಡ್ ಮೇಜ್ ಆರ್ಮರ್ ಸ್ಪೆಲ್ ಹಾಕಿಕೊಂಡರೆ ಎಸಿ (ಆರ್ಮರ್ ಕ್ಲಾಸ್, ನಿಮಗೆ ಪೆಟ್ಟು ತಗುಲಿಸಲು ಶತ್ರು ಮುಟ್ಟಬೇಕಾದ ಸಂಖ್ಯೆ) 15, ಮೊದಲ ಲೆವೆಲ್‌ನ ಎರಡೇ ಎರಡು ಸ್ಲಾಟ್‌ಗಳಲ್ಲಿ (ಸ್ಪೆಲ್ ಹಾಕುವ ಅವಕಾಶ) ಒಂದು ಅದಕ್ಕೇ ಖರ್ಚು. ಡ್ವಾರ್ಫ್ 50 ಚಿನ್ನದ ನಾಣ್ಯ ಕೊಟ್ಟು ಸ್ಕೇಲ್ ಮೇಲ್ ಕೊಂಡರೆ ಎಸಿ 16, ಸ್ಲಾಟ್ ಕೈಯಲ್ಲೇ ಇದೆ. ಮುಂದೆ 750 ನಾಣ್ಯ ಕೂಡಿದಾಗ ಹಾಫ್ ಪ್ಲೇಟ್, ಎಸಿ 17. ಮೇಲೆ ಶೀಲ್ಡ್ ಸ್ಪೆಲ್ ಎತ್ತಿದರೆ 22. ಫೈಟರ್‌ಗಳು ಹೊಟ್ಟೆಕಿಚ್ಚು ಪಡುವಂಥ ಸಂಖ್ಯೆ.

ಬೆಲೆ? ವೇಗ 30ರ ಬದಲು 25 ಅಡಿ. ಈ ಎರಡೂ ಕವಚಗಳಲ್ಲಿ ಸದ್ದಿಲ್ಲದೆ ನುಸುಳುವುದು ಕಷ್ಟ, ಸ್ಟೆಲ್ತ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಂದದ್ದು ಲೆಕ್ಕ). ಸ್ಟ್ರೆಂತ್ +2 ದಂಡ. ಜೊತೆಗೆ ಒಂದು ಎಚ್ಚರಿಕೆ: 2024ರ ಡ್ವಾರ್ಫ್‌ಗೆ ಕವಚದ ತರಬೇತಿ ಇಲ್ಲ. ಆ ಪುಸ್ತಕದಲ್ಲಿ ಆಡುತ್ತಿದ್ದರೆ ಈ ಜೋಡಿಯ ಅರ್ಥವೇ ಹೋಗುತ್ತದೆ, ಉಳಿಯುವುದು ಲೆವೆಲ್‌ಗೊಂದು ಹೆಚ್ಚುವರಿ ಹಿಟ್ ಪಾಯಿಂಟ್ ಮತ್ತು ವಿಷ ತಡೆಯುವ ಗುಣ.

ಇವೆರಡರ ನಡುವೆ ಆರಿಸುವುದು ಹೇಗೆ? ದಿನಕ್ಕೆ ನಾಲ್ಕೈದು ಚಿಕ್ಕ ಕಾಳಗ ಇಡುವ ಡಿಎಂ ಆದರೆ ಡ್ವಾರ್ಫ್, ಪ್ರತಿ ಕಾಳಗದಲ್ಲೂ ಎಸಿ ಕೆಲಸ ಮಾಡುತ್ತದೆ. ದಿನಕ್ಕೊಂದೇ, ಆದರೆ ಸಾಯಿಸುವಂಥ ಕಾಳಗ ಅಂದರೆ ಹಾಫ್-ಆರ್ಕ್. ದಿನಕ್ಕೊಮ್ಮೆ ಸಿಗುವ ಆ ಜೀವದಾನ ಅಲ್ಲಿ ಪ್ರತಿ ಸಲವೂ ಸಿಕ್ಕಂತೆಯೇ.

ನೋಮ್ ಬಾರ್ಬೇರಿಯನ್

ಎಲ್ಲರೂ ನಗುವುದಕ್ಕೆ ಮಾಡುವ ಜೋಡಿ. ಮೂರಡಿ ಎತ್ತರದ ಸಿಟ್ಟು. ಆದರೆ ನಗು ಮುಗಿದ ಮೇಲೂ ಇದು ನಿಲ್ಲುತ್ತದೆ, ಯಾಕೆಂದು ಹೇಳುತ್ತೇನೆ.

ಮೊದಲು ಕೆಟ್ಟ ಸುದ್ದಿ. 2014ರಲ್ಲಿ ನೋಮ್ ಸ್ಮಾಲ್ ಗಾತ್ರ. ಹೆವಿ ಆಯುಧ ಹಿಡಿದರೆ ದಾಳಿಗೆ ಡಿಸ್‌ಅಡ್ವಾಂಟೇಜ್. ಗ್ರೇಟ್‌ಆಕ್ಸ್ ಹೋಯಿತು, ಗ್ರೇಟ್‌ಸ್ವೋರ್ಡ್ ಹೋಯಿತು. ಇಂಟೆಲಿಜೆನ್ಸ್ +2 ಬಾರ್ಬೇರಿಯನ್‌ಗೆ ಯಾತಕ್ಕೆ? ಹಿಡಿದು ಕೆಡವುವ ಆಟಕ್ಕೂ ಮಿತಿ, ನಿಮಗಿಂತ ಹೆಚ್ಚೆಂದರೆ ಒಂದು ಗಾತ್ರ ದೊಡ್ಡವರನ್ನು ಹಿಡಿಯಬಹುದು. ಅಂದರೆ ಮನುಷ್ಯರ ಗಾತ್ರದವರೆಗೆ ಸರಿ, ಓಗರ್‌ಗೆ ಕೈ ಹಾಕುವಂತಿಲ್ಲ. ಬ್ಯಾಟಲ್‌ಆಕ್ಸ್ ಅನ್ನು ಎರಡು ಕೈಯಲ್ಲಿ ಹಿಡಿದರೆ ಪೆಟ್ಟಿಗೆ ಡಿ10 (ಹತ್ತು ಮುಖದ ದಾಳ), ಗ್ರೇಟ್‌ಆಕ್ಸ್‌ನ ಡಿ12ಗಿಂತ ಸರಾಸರಿ 1 ಕಡಿಮೆ. ಸ್ಟ್ರೆಂತ್ ಮಾಡಿಫೈಯರ್‌ನಲ್ಲಿ ಇನ್ನೊಂದು. ಒಟ್ಟು ಪ್ರತಿ ಪೆಟ್ಟಿಗೆ 2 ಹಿಂದೆ.

ಈಗ ಇನ್ನೊಂದು ಬದಿ. ನೋಮ್ ಕನ್ನಿಂಗ್ ಅನ್ನುವ ಗುಣದಿಂದ ಮಂತ್ರದ ವಿರುದ್ಧ ಇಂಟೆಲಿಜೆನ್ಸ್, ವಿಸ್ಡಂ, ಕರಿಸ್ಮಾ ಮೂರೂ ಸೇವ್‌ಗಳಿಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಜಾಸ್ತಿ ಬಂದದ್ದು ಲೆಕ್ಕ). ಬಾರ್ಬೇರಿಯನ್ ಕ್ಲಾಸಿಗೆ ತರಬೇತಿ ಇರುವುದು ಸ್ಟ್ರೆಂತ್ ಮತ್ತು ಕಾನ್‌ಸ್ಟಿಟ್ಯೂಷನ್ ಸೇವ್‌ಗಳಲ್ಲಿ, ಅಂದರೆ ಸರಿಯಾಗಿ ಉಳಿದ ಬದಿ ಖಾಲಿ. ವಿಸ್ಡಂ 10 ಇರುವ ಮಾಮೂಲಿ ಬಾರ್ಬೇರಿಯನ್ ಮೇಲೆ ಡಿಸಿ 13ರ ಹೋಲ್ಡ್ ಪರ್ಸನ್ ಬಿದ್ದರೆ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 40. ನೋಮ್‌ಗೆ ಶೇ 64. ಒಂದು ಅಂಕದ ಶೇ 5 ಎಲ್ಲಿ, ಈ ಶೇ 24 ಎಲ್ಲಿ! ಮೇಲಾಗಿ ಹೋಲ್ಡ್ ಪರ್ಸನ್ ಆದರೆ ಕಲ್ಲಿನಂತೆ ನಿಲ್ಲುತ್ತೀರಿ ಅಷ್ಟೇ. ಡಾಮಿನೇಟ್ ಪರ್ಸನ್ ಆದರೆ ನಿಮ್ಮ ಕೊಡಲಿ ನಿಮ್ಮ ಹೀಲರ್ ಕಡೆಗೇ ತಿರುಗುತ್ತದೆ.

ಹೊಡೆತ ಗುರಿ ಮುಟ್ಟುವ ವಿಷಯಕ್ಕೂ ತೀರಾ ಚಿಂತೆ ಬೇಡ. 2ನೇ ಲೆವೆಲ್‌ನಲ್ಲಿ ರೆಕ್‌ಲೆಸ್ ಅಟ್ಯಾಕ್ ಸಿಕ್ಕ ಮೇಲೆ ಬೇಕೆಂದಾಗ ಅಡ್ವಾಂಟೇಜ್, ಆ ಒಂದು ಅಂಕದ ಕೊರತೆ ಅದರಲ್ಲಿ ಮುಚ್ಚಿಹೋಗುತ್ತದೆ. ಹೇಗೂ ದೊಡ್ಡ ಆಯುಧ ಇಲ್ಲ, ಇನ್ನೊಂದು ಕೈಗೆ ಗುರಾಣಿ ಕೊಡಿ. ರಾಕ್ ನೋಮ್ ತೆಗೆದುಕೊಂಡರೆ ಕಾನ್‌ಸ್ಟಿಟ್ಯೂಷನ್ 16, ಡೆಕ್ಸ್ಟೆರಿಟಿ 14, ಬರಿಮೈಯಲ್ಲೇ ಎಸಿ 15. ಗುರಾಣಿ ಸೇರಿ 17. ಹೊಡೆತ ಸ್ವಲ್ಪ ಕಡಿಮೆ, ಬೀಳಿಸುವುದು ತುಂಬಾ ಕಷ್ಟ. ಮುಂದೆ ನಿಂತು ತಡೆಯುವವರು ಬೇಕಾದ ಗುಂಪಿಗೆ ಹೇಳಿ ಮಾಡಿಸಿದ್ದು.

2024ರಲ್ಲಿ ಇನ್ನೂ ಸಲೀಸು. ಹೆವಿ ಆಯುಧಕ್ಕೆ ಗಾತ್ರದ ಬದಲು ಸ್ಟ್ರೆಂತ್ 13 ಸಾಕು, ನೋಮ್ ವೇಗವೂ 30 ಅಡಿ, ಆ ಸೇವ್‌ಗಳ ಅಡ್ವಾಂಟೇಜ್ ಮಂತ್ರಕ್ಕಷ್ಟೇ ಅಲ್ಲ, ಎಲ್ಲಕ್ಕೂ. ಅಲ್ಲಿ ಇದನ್ನು ವಿಚಿತ್ರ ಜೋಡಿ ಅನ್ನುವುದೇ ಕಷ್ಟ.

ಬೇಡದ ಟೇಬಲ್ ಅಂದರೆ ಮಂತ್ರವಾದಿ ಶತ್ರುಗಳು ಅಪರೂಪವಾಗಿ ಬರುವ ಕ್ಯಾಂಪೇನ್. ಬರೀ ತೋಳ, ಡಕಾಯಿತರು, ಓಗರ್‌ಗಳಾದರೆ ನೀವು ಕೊಟ್ಟ ಬೆಲೆಗೆ ಏನೂ ಸಿಗುವುದಿಲ್ಲ.

ಹಾಫ್ಲಿಂಗ್ ಪ್ಯಾಲಡಿನ್

ಲೈಟ್‌ಫುಟ್ ಹಾಫ್ಲಿಂಗ್‌ಗೆ ಡೆಕ್ಸ್ಟೆರಿಟಿ +2, ಕರಿಸ್ಮಾ +1. ಹಾಗಾಗಿ ಸ್ಟ್ರೆಂತ್ ಬಿಟ್ಟು ರೇಪಿಯರ್ ಹಿಡಿಯಿರಿ. ಅದೂ ಡಿ8, ಲಾಂಗ್‌ಸ್ವೋರ್ಡ್ ಒಂದು ಕೈಯಲ್ಲಿ ಹಿಡಿದರೂ ಡಿ8. ಸ್ಲಾಟ್ ಕೊಟ್ಟು ಪೆಟ್ಟು ಹೆಚ್ಚಿಸುವ ಡಿವೈನ್ ಸ್ಮೈಟ್‌ಗೆ ಎತ್ತರ ಗೊತ್ತಾಗುವುದಿಲ್ಲ, ಮೊದಲ ಲೆವೆಲ್ ಸ್ಲಾಟ್‌ಗೆ 2ಡಿ8 (ಎಂಟು ಮುಖದ ಎರಡು ದಾಳ) ಎಲ್ಲರಿಗೂ ಒಂದೇ. 20 ಮುಖದ ದಾಳದಲ್ಲಿ 1 ಬಿದ್ದರೆ ಮತ್ತೆ ಉರುಳಿಸುವ ಲಕ್ಕಿ ಗುಣ ಬೇರೆ. ಭಾರಿ ಕವಚ ಮಾತ್ರ ಬಿಟ್ಟುಕೊಡಬೇಕು. ಪ್ಲೇಟ್‌ಗೆ ಸ್ಟ್ರೆಂತ್ 15 ಬೇಕು, ಇಲ್ಲದಿದ್ದರೆ ವೇಗ 10 ಅಡಿ ಇಳಿಯುತ್ತದೆ.

ನಿಜವಾದ ಮಜಾ ಸವಾರಿಯಲ್ಲಿದೆ. ವಾಹನ ಪ್ರಾಣಿ ಸವಾರನಿಗಿಂತ ಒಂದು ಗಾತ್ರ ದೊಡ್ಡದಿರಬೇಕು. ಉಳಿದವರಿಗೆ ಕುದುರೆಯೇ ಬೇಕು, ಗುಹೆಯ ಓಣಿಯಲ್ಲಿ ಕುದುರೆ ನುಗ್ಗಿಸುವುದು ದೊಡ್ಡ ಫಜೀತಿ. ಹಾಫ್ಲಿಂಗ್‌ಗೆ ಮ್ಯಾಸ್ಟಿಫ್ ನಾಯಿ ಸಾಕು. 25 ನಾಣ್ಯ, ವೇಗ 40 ಅಡಿ, ಮೆಟ್ಟಿಲೂ ಹತ್ತುತ್ತದೆ. ಆದರೆ ಅದಕ್ಕಿರುವುದು 5 ಹಿಟ್ ಪಾಯಿಂಟ್. ಪಾಪದ ಪ್ರಾಣಿ, ಮೊದಲ ಬೆಂಕಿಗೇ ಹೋಗುತ್ತದೆ. 5ನೇ ಲೆವೆಲ್‌ನಲ್ಲಿ ವಾಹನ ಪ್ರಾಣಿಯನ್ನು ಕರೆಸುವ ಫೈಂಡ್ ಸ್ಟೀಡ್ ಸ್ಪೆಲ್ ಬಂದ ಮೇಲೆ ಸತ್ತರೂ ಮತ್ತೆ ಕರೆಯಬಹುದು. ಅಲ್ಲಿಯವರೆಗೆ ನಡೆದೇ ಹೋಗಿ ಅನ್ನುವುದು ನನ್ನ ಸಲಹೆ. 3ನೇ ಲೆವೆಲ್‌ಗೆ ಮುಗಿಯುವ ಚಿಕ್ಕ ಸಾಹಸಕ್ಕೆ ಈ ಜೋಡಿ ಹಿಡಿದರೆ ಅರ್ಧ ಸುಖ ಕೈತಪ್ಪುತ್ತದೆ.

ಡ್ರ್ಯಾಗನ್‌ಬಾರ್ನ್ ರೋಗ್

ಇದು ಕಥೆಗಾಗಿ ಆರಿಸುವ ಜೋಡಿ, ಅಂಕಕ್ಕಾಗಿ ಅಲ್ಲ. ಒಳ್ಳೆಯದೇನೆಂದರೆ ರೋಗ್ ಕ್ಲಾಸ್ ತಾನೇ ನಷ್ಟವನ್ನು ನುಂಗಿಕೊಳ್ಳುತ್ತದೆ. ತರಬೇತಿಯ ಬೋನಸ್ ದುಪ್ಪಟ್ಟು ಮಾಡುವ ಎಕ್ಸ್‌ಪರ್ಟೀಸ್ ಇರುವುದರಿಂದ ಮೊದಲ ಲೆವೆಲ್‌ನಲ್ಲೇ ಸ್ಟೆಲ್ತ್ +6. ಬೇರೆಯವರದ್ದು +7, ಅಷ್ಟೇ. ಬೆಂಕಿಯುಸಿರು ಇದೆಯಲ್ಲ ಅಂತ ಹಿಗ್ಗಬೇಡಿ. ಅದಕ್ಕೆ ಪೂರ್ತಿ ಆ್ಯಕ್ಷನ್ ಬೇಕು, ರೋಗ್‌ನ ಹೆಚ್ಚುವರಿ ಪೆಟ್ಟಾದ ಸ್ನೀಕ್ ಅಟ್ಯಾಕ್ ಅದಕ್ಕೆ ಸೇರುವುದಿಲ್ಲ. 5ನೇ ಲೆವೆಲ್‌ನಲ್ಲಿ ಸ್ನೀಕ್ ಅಟ್ಯಾಕ್ 3ಡಿ6, ಉಸಿರು ಇನ್ನೂ 2ಡಿ6. ಮೂರು ನಾಲ್ಕು ಶತ್ರುಗಳು ಒಟ್ಟಿಗೆ ನಿಂತಾಗ ಮಾತ್ರ ಲಾಭ. 2014ರಲ್ಲಿ ಇವರಿಗೆ ಡಾರ್ಕ್‌ವಿಷನ್ ಕೂಡ ಇಲ್ಲ. ಕತ್ತಲಲ್ಲಿ ದೀಪ ಹಿಡಿದು ನುಸುಳುವ ಕಳ್ಳ, ಅಲ್ವಾ! ಬೀಗ ಮುರಿಯುವ ಕಳ್ಳನಿಗಿಂತ ಮಾತಲ್ಲೇ ಟೋಪಿ ಹಾಕುವ ಕಳ್ಳನನ್ನು ಮಾಡಿ, ಕರಿಸ್ಮಾ +1 ಉಪಯೋಗಕ್ಕೆ ಬರುತ್ತದೆ.

ಟೀಫ್ಲಿಂಗ್ ಮಂಕ್, ಮತ್ತು ಅದರ ಬದಲಿಗೆ

ಇದೊಂದನ್ನು 2014ರ ನಿಯಮದಲ್ಲಿ ಬೇಡ ಅನ್ನುತ್ತೇನೆ. ಮಂಕ್‌ನ ಎಸಿ ಡೆಕ್ಸ್ಟೆರಿಟಿ ಮತ್ತು ವಿಸ್ಡಂ ಎರಡರ ಮೇಲೂ ನಿಂತಿದೆ, ಟೀಫ್ಲಿಂಗ್ ಎರಡಕ್ಕೂ ಏನೂ ಕೊಡುವುದಿಲ್ಲ. ಎರಡನ್ನೂ 15ಕ್ಕೆ ಎಳೆದರೂ ಎಸಿ 14. ಅದೇ ವುಡ್ ಎಲ್ಫ್ ಮಂಕ್ 16ರಲ್ಲಿ ಶುರುಮಾಡುತ್ತದೆ. ಶತ್ರುವಿನ ಮುಖಕ್ಕೆ ಮುಖ ಕೊಟ್ಟು ಹೋರಾಡುವ ಕ್ಲಾಸಿಗೆ ಈ ನಷ್ಟ ತಡೆಯಲಾಗದು, ಬೆಂಕಿ ತಡೆಯುವ ಗುಣ ಇದನ್ನು ತುಂಬಿಕೊಡುವುದಿಲ್ಲ.

ನಿಮಗೆ ಬೇಕಿರುವುದು ನರಕದ ರಕ್ತ ಮೈಯಲ್ಲಿದ್ದೂ ಶಿಸ್ತಿನಿಂದ ಬದುಕುವವನ ಕಥೆ ತಾನೇ? ಟೀಫ್ಲಿಂಗ್ ಪ್ಯಾಲಡಿನ್ ಮಾಡಿ. ಕಥೆ ಅದೇ, ಕರಿಸ್ಮಾ +2 ನೇರವಾಗಿ ಸ್ಪೆಲ್‌ಗಳಿಗೂ, 6ನೇ ಲೆವೆಲ್‌ನಿಂದ ಪಕ್ಕದಲ್ಲಿ ನಿಂತ ಎಲ್ಲರ ಸೇವ್‌ಗೂ ಹೋಗುತ್ತದೆ. ನೋಡುವವರಿಗೆ ವಿಚಿತ್ರ, ಲೆಕ್ಕಕ್ಕೆ ಚೊಕ್ಕ. ಬಜೆಟ್ ಕಳೆಯದೆ ಬೇರೆಯಾಗಿ ಕಾಣಬೇಕು ಅನ್ನುವ ಹೊಸ ಆಟಗಾರರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇಂಥ ಇನ್ನೊಂದು ದಾರಿ ಮೃಗದ ರೂಪ ತಾಳಿ ಹೋರಾಡುವ ಮೂನ್ ಡ್ರೂಯಿಡ್. ಮೃಗವಾದಾಗ ಸ್ಟ್ರೆಂತ್, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್ ಮೂರೂ ಆ ಮೃಗದವೇ ಆಗುತ್ತವೆ. ನಿಮ್ಮ ರೇಸ್ ಅಲ್ಲಿ ಏನು ಕೊಟ್ಟಿತ್ತು ಅನ್ನುವುದು ಯಾರಿಗೂ ಬೇಡ. ವಿಸ್ಡಂ ಒಂದನ್ನು ಸರಿಯಾಗಿ ಕೊಂಡುಕೊಂಡರೆ ಯಾವ ರೇಸ್ ಆದರೂ ನಡೆಯುತ್ತದೆ.

ಪಾತ್‌ಫೈಂಡರ್ ಆಡುವವರಿಗೆ

ಪಾತ್‌ಫೈಂಡರ್ ಇದೇ ಬಗೆಯ ಇನ್ನೊಂದು ಆಟ. ಅದರ ಎರಡನೇ ಆವೃತ್ತಿಯಲ್ಲಿ ಬೇಕಾದ ಸಂಖ್ಯೆಗಿಂತ 10 ಜಾಸ್ತಿ ಬಂದರೆ ಕ್ರಿಟಿಕಲ್ (ಭಾರಿ ಯಶಸ್ಸು), ಹಾಗಾಗಿ ಅಲ್ಲಿ ಒಂದು ಅಂಕದ ಬೆಲೆ ಡಿ ಅಂಡ್ ಡಿಗಿಂತ ಜಾಸ್ತಿ. ಆದರೆ ಈಗಿನ ನಿಯಮದಲ್ಲಿ ಯಾವ ಆನ್ಸೆಸ್ಟ್ರಿ (ರೇಸ್‌ಗೆ ಅಲ್ಲಿಯ ಹೆಸರು) ಆದರೂ ಅದರ ಸ್ವಂತ ಏರಿಳಿತ ಬಿಟ್ಟು ಎರಡು ಸ್ವತಂತ್ರ ಬೂಸ್ಟ್ (ಬೇಕಾದ ಸಾಮರ್ಥ್ಯಕ್ಕೆ ಹಾಕುವ ಏರಿಕೆ) ತೆಗೆದುಕೊಳ್ಳಬಹುದು. ಕರಿಸ್ಮಾ ಕಡಿತ ಇರುವ ಡ್ವಾರ್ಫ್ ಕೂಡ ಬಾರ್ಡ್ ಆಗಿ ಮುಖ್ಯ ಅಂಕವನ್ನು +4ರಲ್ಲೇ ಶುರುಮಾಡಬಹುದು. ಅಲ್ಲಿ ಜೋಡಿಗೆ ದಂಡವೇ ಇಲ್ಲ, ನಿಮಗೆ ಯಾವ ಆನ್ಸೆಸ್ಟ್ರಿ ಫೀಟ್‌ಗಳು (ಆಯ್ದುಕೊಳ್ಳುವ ವಿಶೇಷ ಗುಣಗಳು) ಬೇಕು ಅಂತ ನೋಡಿ ಆರಿಸಿ.

ಇನ್ನೂ ಎರಡರ ನಡುವೆ ಸಿಕ್ಕಿಕೊಂಡಿದ್ದರೆ

ಎರಡನ್ನೂ 5ನೇ ಲೆವೆಲ್‌ನಲ್ಲಿ ಬರೆದು, ಡಿಎಂ ಅಥವಾ ಜೊತೆಯ ಒಬ್ಬ ಆಟಗಾರನನ್ನು ಕೂರಿಸಿಕೊಂಡು ಒಂದೇ ಕಾಳಗವನ್ನು ಎರಡು ಸಲ ಆಡಿ. ಶತ್ರುಗಳಲ್ಲಿ ಒಬ್ಬ ಮಂತ್ರವಾದಿ ಇರಲಿ, ಇಬ್ಬರು ನೇರವಾಗಿ ನಿಮ್ಮ ಮೇಲೇ ನುಗ್ಗುವವರಿರಲಿ. ಒಂದು ಗಂಟೆ ಸಾಕು. ಯಾರು ಗೆದ್ದರು ಅನ್ನುವುದು ಮುಖ್ಯವಲ್ಲ, ರೇಸಿನ ಗುಣ ಎಷ್ಟು ಸಲ ನೆನಪಿಗೆ ಬಂತು ಅಂತ ಎಣಿಸಿ. ಒಮ್ಮೆಯೂ ಬರದಿದ್ದರೆ ಆ ರೇಸ್ ನಿಮ್ಮ ಶೀಟ್ ಮೇಲೆ ಹೆಸರಿಗಷ್ಟೇ ಇದೆ ಅಂತ ಅರ್ಥ. ಆಗ ಇನ್ನೊಂದನ್ನು ತೆಗೆದುಕೊಳ್ಳಿ. ಎರಡರಲ್ಲೂ ಬಂದರೆ ನಿಮ್ಮ ಗುಂಪಿನಲ್ಲಿ ಉಳಿದವರು ಯಾವ ಕ್ಲಾಸ್ ಹಿಡಿದಿದ್ದಾರೆ ಕೇಳಿ, ಖಾಲಿ ಇರುವ ಜಾಗಕ್ಕೆ ಹೋಗಿ.